ಹೊರದೇಶದ ಪರಿಹಾರ ಮತ್ತು ಶಾಂತಿಪಾಲನೆಗೆ ಸೇನಾ ಸರಬರಾಜು ಜಾಲ: ಕೊನೆಯ ಕ್ಯಾಂಪಿನಿಂದ ಹಿಂದಕ್ಕೆ ಪ್ಲಾನ್ ಮಾಡುವುದು ಹೇಗೆ

ಎಲ್ಲೋ ಭೂಕಂಪ ಆದಾಗ, ಅಥವಾ ಶಾಂತಿಪಾಲಕರನ್ನು ಕಳಿಸಲು ವಿಶ್ವಸಂಸ್ಥೆ ಒಪ್ಪಿದಾಗ, ಟಿವಿಯಲ್ಲಿ ನಮಗೆ ಕಾಣುವುದು ದೊಡ್ಡ ವಿಮಾನದ ಹೊಟ್ಟೆಗೆ ಪೆಟ್ಟಿಗೆ ಏರಿಸುವ ದೃಶ್ಯ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ಸುಲಭವಾದ ಭಾಗ ಅದೇ. ಆ ವಿಮಾನ ಇಳಿಯುವ ಕಡೆ ಫೋರ್ಕ್‌ಲಿಫ್ಟ್ ಇದೆಯಾ, ಅಲ್ಲಿಂದ ಕ್ಯಾಂಪಿಗೆ ರಸ್ತೆ ಇದೆಯಾ, ರಸ್ತೆ ಇದ್ದರೂ ಮುಂದಿನ ತಿಂಗಳು ಮಳೆ ಬಂದ ಮೇಲೆ ಇರುತ್ತಾ? ಜಾಲ ನಿಲ್ಲುವುದು ಅಥವಾ ಕುಸಿಯುವುದು ಈ ಪ್ರಶ್ನೆಗಳ ಮೇಲೆ.

ಈ ಲೇಖನ ಲಾಜಿಸ್ಟಿಕ್ಸ್ ಓದುತ್ತಿರುವವರಿಗೆ, ಇಂಥ ಕೆಲಸಕ್ಕೆ ಹೊಸದಾಗಿ ಬಂದವರಿಗೆ, ಪರಿಹಾರ ಸಂಸ್ಥೆಗಳಲ್ಲಿ ಸೇನೆಯ ಜೊತೆ ಕೂತು ಪ್ಲಾನ್ ಮಾಡಬೇಕಾದವರಿಗೆ. ನಾನು ಹೇಳುವ ಕ್ರಮ ಸ್ವಲ್ಪ ತಲೆಕೆಳಗಾದದ್ದು. ನಮ್ಮ ಗೋಡೌನ್‌ನಲ್ಲಿ ಏನಿದೆ ಅನ್ನುವುದರಿಂದ ಶುರು ಮಾಡಬೇಡಿ. ಕಟ್ಟಕಡೆಯ ಕ್ಯಾಂಪಿನಿಂದ ಶುರು ಮಾಡಿ, ಹಿಂದಕ್ಕೆ ಬನ್ನಿ. ಮತ್ತೆ, ಟನ್ ಲೆಕ್ಕ ಬೇಕೇ ಬೇಕು, ಆದರೆ ಕೊನೆಗೆ ತೀರ್ಮಾನ ಆಗುವುದು ದಿನಗಳ ಲೆಕ್ಕದಲ್ಲಿ.

ಮೊದಲು: ಇದು ಯಾವ ಥರದ ಕೆಲಸ?

ಪರಿಹಾರ ಮತ್ತು ಶಾಂತಿಪಾಲನೆ ಎರಡನ್ನೂ ಒಂದೇ ಉಸಿರಲ್ಲಿ ಹೇಳುತ್ತೇವೆ. ಸರಬರಾಜಿನ ದೃಷ್ಟಿಯಿಂದ ಎರಡೂ ಬೇರೆ ಬೇರೆ.

ಪರಿಹಾರ ಕಾರ್ಯ ಅಂದರೆ ಗಂಟೆಗಳ ಆಟ. ಎಷ್ಟು ಜನ, ಏನು ಬೇಕು ಅಂತ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಆದರೂ ಹೊರಡಲೇಬೇಕು. ಕೆಲವು ವಾರ ಅಥವಾ ತಿಂಗಳಲ್ಲಿ ಮುಗಿಯುತ್ತದೆ. ಇಲ್ಲಿ ಸೇನೆ ಯಜಮಾನ ಅಲ್ಲ. 1994ರಲ್ಲಿ ಬಂದ ಓಸ್ಲೋ ಮಾರ್ಗಸೂಚಿಗಳ ಪ್ರಕಾರ, ವಿದೇಶಿ ಸೇನೆಯ ಸಾಮಗ್ರಿ ಬಳಸುವುದು ನಾಗರಿಕ ವ್ಯವಸ್ಥೆಯಿಂದ ಆಗದ ಕೆಲಸಕ್ಕೆ ಮಾತ್ರ, ಅದೂ ಕೊನೆಯ ದಾರಿಯಾಗಿ. ಹಾಗಾಗಿ "ನಮ್ಮ ಹತ್ತಿರ ಏನಿದೆ" ಅಂತ ಕೇಳಿಕೊಳ್ಳುವ ಮೊದಲು "ಅವರಿಂದ ಆಗದ್ದು ಏನು" ಅಂತ ಕೇಳಿ. ಸಾಮಾನ್ಯವಾಗಿ ಬರುವ ಉತ್ತರ ಭಾರಿ ವಿಮಾನ, ಹೆಲಿಕಾಪ್ಟರ್, ರನ್‌ವೇ ದುರಸ್ತಿ, ಸೇತುವೆ, ನೀರು ಶುದ್ಧೀಕರಣ. ಬಿಸ್ಕತ್ತು, ಬಟ್ಟೆ ಅಲ್ಲ.

ಶಾಂತಿಪಾಲನೆ ವರ್ಷಗಟ್ಟಲೆ ನಡೆಯುವ ಸಂಸಾರ. ವಿಶ್ವಸಂಸ್ಥೆಯ ಪದ್ಧತಿಯಲ್ಲಿ ಸೈನಿಕರನ್ನು ಕೊಡುವ ದೇಶ ಮತ್ತು ವಿಶ್ವಸಂಸ್ಥೆ ನಡುವೆ ಒಪ್ಪಂದ ಆಗುತ್ತದೆ. ವಾಹನ, ಜನರೇಟರ್, ಅಡುಗೆಮನೆ ಸಾಮಾನನ್ನು ದೇಶವೇ ತರುತ್ತದೆ, ಅದಕ್ಕೆ ತಿಂಗಳ ಲೆಕ್ಕದಲ್ಲಿ ವಿಶ್ವಸಂಸ್ಥೆ ಹಣ ಕೊಡುತ್ತದೆ. ಆಹಾರ ಮತ್ತು ಇಂಧನ ಸಾಮಾನ್ಯವಾಗಿ ವಿಶ್ವಸಂಸ್ಥೆಯ ಗುತ್ತಿಗೆಯಿಂದ ಬರುತ್ತದೆ. ವಾಹನಗಳ ರಿಪೇರಿ ಮತ್ತು ಬಿಡಿಭಾಗದ ಹೊಣೆಯನ್ನು ದೇಶವೇ ಹೊತ್ತರೆ ಅದು ವೆಟ್ ಲೀಸ್, ವಿಶ್ವಸಂಸ್ಥೆ ಹೊತ್ತರೆ ಡ್ರೈ ಲೀಸ್. ಈ ಒಪ್ಪಂದ ಓದದೆ ಪ್ಲಾನ್ ಬರೆಯಲು ಕೂರಬೇಡಿ. ಟೈರ್ ಯಾರು ತರಬೇಕು ಅನ್ನುವುದೂ ಅದರಲ್ಲೇ ಇರುತ್ತದೆ. ಅದನ್ನು ಓದದವರು ಆರು ತಿಂಗಳ ನಂತರ ಕೆಟ್ಟು ನಿಂತ ಗಾಡಿಗಳ ಮುಂದೆ ನಿಂತು ಪತ್ರ ಬರೆಯುತ್ತಾ ಇರುತ್ತಾರೆ.

ಕೊನೆಯ ಕ್ಯಾಂಪಿನ ಒಂದು ದಿನ

ಈಗ ಒಂದು ಕ್ಯಾಂಪ್ ತೆಗೆದುಕೊಳ್ಳೋಣ. 850 ಜನರ ಒಂದು ಬೆಟಾಲಿಯನ್, ದೊಡ್ಡ ಊರಿನಿಂದ 400 ಕಿಲೋಮೀಟರ್ ದೂರ. ಲೆಕ್ಕ ಕಲಿಯಲು ಮಾಡಿಕೊಂಡ ಉದಾಹರಣೆ ಇದು. ನಿಮ್ಮ ಅಂಕಿಗಳನ್ನು ನೀವೇ ಹಾಕಿಕೊಳ್ಳಿ.

ನೀರು. ಕುಡಿಯಲು, ಅಡುಗೆ, ಸ್ನಾನ, ಬಟ್ಟೆ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 80 ಲೀಟರ್ ಅಂತ ಇಟ್ಟರೆ 68,000 ಲೀಟರ್, ಅಂದರೆ 68 ಟನ್. ಆಹಾರ, ಪ್ಯಾಕಿಂಗ್ ಸೇರಿ ತಲೆಗೆ 2 ಕಿಲೋ ಅಂದರೆ 1.7 ಟನ್. ಜನರೇಟರ್ ಮತ್ತು ಗಸ್ತು ವಾಹನಗಳಿಗೆ ದಿನಕ್ಕೆ 5,000 ಲೀಟರ್ ಡೀಸೆಲ್ ಅಂದುಕೊಂಡರೆ ನಾಲ್ಕು ಟನ್‌ಗಿಂತ ಸ್ವಲ್ಪ ಜಾಸ್ತಿ.

ಈ ಮೂರನ್ನು ಅಕ್ಕಪಕ್ಕ ಇಟ್ಟು ನೋಡಿ. ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಊಟದ ಬಗ್ಗೆ, ಆದರೆ ತೂಕದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ನೀರನ್ನು ಹೊರಗಿನಿಂದ ತರುತ್ತೇವೆ ಅಂದರೆ, ಹೆಚ್ಚೆಂದರೆ 20 ಟನ್ ಆಸುಪಾಸು ಹೊರುವ ಸಿ-130 ವಿಮಾನ ದಿನಕ್ಕೆ ನಾಲ್ಕು ಸಲ ಬರಬೇಕು, ಪ್ರತಿದಿನ, ಬರೀ ನೀರಿಗೆ. ಆಗುವ ಮಾತಲ್ಲ. ಹಾಗಾಗಿ ಕ್ಯಾಂಪಿನ ಜಾಗ ಆರಿಸುವಾಗಲೇ ಕೊಳವೆಬಾವಿ ಅಥವಾ ನದಿ ಮತ್ತು ಶುದ್ಧೀಕರಣ ಯಂತ್ರದ ಲೆಕ್ಕ ಹಾಕಬೇಕು. ಎತ್ತರದ ಜಾಗ, ಒಳ್ಳೆಯ ನೋಟ, ಭದ್ರತೆಗೆ ಅನುಕೂಲ ಅಂತ ನೀರಿಲ್ಲದ ಕಡೆ ಟೆಂಟ್ ಹಾಕಿದರೆ ಅದರ ದಂಡವನ್ನು ನಂತರ ಪ್ರತಿದಿನ ಟ್ಯಾಂಕರ್‌ನಲ್ಲಿ ಕಟ್ಟಬೇಕಾಗುತ್ತದೆ. ಯಂತ್ರ ಬಂದು ಕೂರುವವರೆಗೆ ಮಾತ್ರ ಬಾಟಲಿ ನೀರು. ತಲೆಗೆ 5 ಲೀಟರ್ ಅಂದರೂ ದಿನಕ್ಕೆ 4.25 ಟನ್ ಆಗುತ್ತದೆ, ಅದನ್ನು ಎರಡು ವಾರಕ್ಕಿಂತ ಹೆಚ್ಚು ಎಳೆಯಬೇಡಿ. ಶುದ್ಧೀಕರಣ ಯಂತ್ರ ಒಂದೇ ತಂದರೆ ತಂದ ಹಾಗಲ್ಲ. ಎರಡು ತನ್ನಿ, ಫಿಲ್ಟರ್‌ಗಳನ್ನು ಮೊದಲ ಹಡಗಿನಲ್ಲೇ ಹಾಕಿ.

ಸಂತ್ರಸ್ತ ಜನರಿಗೆ ಸರಬರಾಜು ಮಾಡುವುದಾದರೆ ಅಂತಾರಾಷ್ಟ್ರೀಯವಾಗಿ ಒಪ್ಪಿಕೊಂಡ ಸ್ಫಿಯರ್ ಮಾನದಂಡಗಳನ್ನು ಹಿಡಿಯಿರಿ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 2,100 ಕಿಲೋಕ್ಯಾಲೊರಿ ಆಹಾರ. ಹತ್ತು ಸಾವಿರ ಜನಕ್ಕೆ ಅಂದರೆ ದಿನಕ್ಕೆ 1,50,000 ಲೀಟರ್ ನೀರು. ಇಲ್ಲೂ ಅದೇ ಕಥೆ. ನೀರನ್ನು ಹೊತ್ತು ತರುವುದಲ್ಲ, ಅಲ್ಲೇ ಶುದ್ಧ ಮಾಡುವುದು.

ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ಹುಡುಕಿ

ಬೇಕಾದದ್ದು ಎಷ್ಟು ಅಂತ ಗೊತ್ತಾಯಿತು. ಈಗ ಕ್ಯಾಂಪಿನಿಂದ ಹಿಂದಕ್ಕೆ ದಾರಿ ಹಿಡಿಯಿರಿ. ಕ್ಯಾಂಪ್, ಮಣ್ಣು ರಸ್ತೆ, ಸೇತುವೆ, ಮುಂಚೂಣಿ ಡಿಪೋ, ಹೆದ್ದಾರಿ, ಗಡಿ ಚೆಕ್‌ಪೋಸ್ಟ್, ಬಂದರು ಅಥವಾ ವಿಮಾನ ನಿಲ್ದಾಣ. ಪ್ರತಿ ಕೊಂಡಿಯ ಪಕ್ಕ ಒಂದೇ ಒಂದು ಅಂಕಿ ಬರೆಯಿರಿ: ಇಲ್ಲಿ ದಿನಕ್ಕೆ ಎಷ್ಟು ಟನ್ ದಾಟುತ್ತದೆ? ಎಲ್ಲಕ್ಕಿಂತ ಸಣ್ಣ ಅಂಕಿಯೇ ಇಡೀ ಜಾಲದ ಸಾಮರ್ಥ್ಯ. ಉಳಿದ ಕಡೆ ಎಷ್ಟು ದುಡ್ಡು ಸುರಿದರೂ ಉಪಯೋಗ ಇಲ್ಲ.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆದಾಗ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಬಂದರು ಹಾಳಾಯಿತು. ಉಳಿದದ್ದು ಒಂದೇ ರನ್‌ವೇ ಇದ್ದ ವಿಮಾನ ನಿಲ್ದಾಣ. ಇಡೀ ಜಗತ್ತು ಅದರ ಮೇಲೆ ಮುಗಿಬಿತ್ತು. ಅಮೆರಿಕದ ವಾಯುಪಡೆ ಸಂಚಾರ ವಹಿಸಿಕೊಂಡು ವಿಮಾನಗಳಿಗೆ ಸಮಯ ಹಂಚಬೇಕಾಯಿತು. ಗಾಳಿ ತುಂಬಿ ನಿಲ್ಲಿಸುವ ಶಸ್ತ್ರಚಿಕಿತ್ಸಾ ಆಸ್ಪತ್ರೆ ಹೊತ್ತು ಬಂದ, ಗಡಿಯಿಲ್ಲದ ವೈದ್ಯರ ಸಂಸ್ಥೆಯ ಒಂದು ವಿಮಾನಕ್ಕೆ ಇಳಿಯಲು ಜಾಗ ಸಿಗದೆ ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ, ಅಲ್ಲಿಂದ ಲಾರಿಯಲ್ಲಿ ಬರಬೇಕಾಯಿತು. ಇಲ್ಲಿ ವಿಮಾನಗಳಿಗೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನಿಲ್ಲುವ ಜಾಗಕ್ಕೆ, ಇಳಿಸುವ ಕೈಗಳಿಗೆ.

2015ರಲ್ಲಿ ನೇಪಾಳದ ಭೂಕಂಪದ ನಂತರ ಕಠ್ಮಂಡುವಿನಲ್ಲಿ ರನ್‌ವೇಗೇ ಪೆಟ್ಟು ಬೀಳತೊಡಗಿತು. 196 ಟನ್‌ಗಿಂತ ಭಾರದ ವಿಮಾನಗಳಿಗೆ ಬರಬೇಡಿ ಅಂದರು. 2004ರ ಸುನಾಮಿಯ ನಂತರ ಇಂಡೋನೇಷ್ಯಾದ ಬಂದಾ ಆಚೆ ಅನ್ನುವ ಊರಿನಲ್ಲಂತೂ ಸರಕು ವಿಮಾನವೊಂದು ರನ್‌ವೇ ಮೇಲಿದ್ದ ಜಾನುವಾರಿಗೆ ಡಿಕ್ಕಿ ಹೊಡೆದು, ಇದ್ದ ಒಂದೇ ರನ್‌ವೇ ಗಂಟೆಗಟ್ಟಲೆ ಮುಚ್ಚಿಹೋಯಿತು. ಬೇಲಿ ಹಾಕುವುದೂ ಲಾಜಿಸ್ಟಿಕ್ಸೇ, ಅಲ್ವಾ?

ಹಾಗಾಗಿ ಮೊದಲ ವಿಮಾನದಲ್ಲಿ ಏನು ಹೋಗಬೇಕು ಅನ್ನುವುದಕ್ಕೆ ನನ್ನ ಉತ್ತರ ಅಕ್ಕಿ, ಔಷಧಿ ಅಲ್ಲ. ಸರಕು ಇಳಿಸುವ ಯಂತ್ರ, ಅದನ್ನು ಓಡಿಸುವವರು, ರನ್‌ವೇ ದೀಪ, ರೇಡಿಯೋ, ಮತ್ತು ರಸ್ತೆ ನೋಡಿ ಬರುವ ಒಂದು ಸಣ್ಣ ತಂಡ. ಇದನ್ನು ಹೇಳಿದರೆ ಮೇಲಿನವರಿಗೆ ಹಿಡಿಸುವುದಿಲ್ಲ, ಫೋಟೋದಲ್ಲಿ ಫೋರ್ಕ್‌ಲಿಫ್ಟ್ ಚೆನ್ನಾಗಿ ಕಾಣುವುದಿಲ್ಲ ನೋಡಿ. ಆದರೂ ಪಟ್ಟು ಹಿಡಿಯಿರಿ.

ರಸ್ತೆಗೆ ಋತು ಇರುತ್ತದೆ. ದಕ್ಷಿಣ ಸುಡಾನ್‌ನಲ್ಲಿ ಮಳೆಗಾಲ ಬಂತೆಂದರೆ ದೇಶದ ಬಹುಪಾಲು ರಸ್ತೆಗಳು ಕೆಸರಾಗಿ ಮುಚ್ಚಿಹೋಗುತ್ತವೆ. ಅಲ್ಲಿ ಕೆಲಸ ಮಾಡುವವರು ಬೇಸಿಗೆಯಲ್ಲೇ ತಿಂಗಳುಗಳಿಗೆ ಆಗುವಷ್ಟು ಸಾಮಾನು ದೂರದ ಠಾಣೆಗಳಿಗೆ ಮುಟ್ಟಿಸಿಬಿಡುತ್ತಾರೆ. ರಾಜಧಾನಿ ಜೂಬಾದಿಂದ ಮಲಾಕಾಲ್ ಕಡೆಗೆ ನೈಲ್ ನದಿಯಲ್ಲಿ ದೋಣಿ ಸಾಗಣೆಯೂ ಇದೆ. ನಿಮ್ಮ ಪ್ಲಾನ್‌ನಲ್ಲಿ ಒಂದೇ ನಕ್ಷೆ ಇದ್ದರೆ ಸಾಲದು. ಒಣ ತಿಂಗಳಿಗೊಂದು, ಮಳೆ ತಿಂಗಳಿಗೊಂದು ಬೇಕು.

ಇನ್ನೊಂದು ಸಣ್ಣ ವಿಷಯ, ಹೊಸಬರು ಮರೆಯುವಂಥದ್ದು. ವಿಮಾನದ ಪುಸ್ತಕದಲ್ಲಿ ಬರೆದ ಹೊರೆ ಎಲ್ಲ ಕಡೆ ಸಿಗುವುದಿಲ್ಲ. ಬಿಸಿಲು ಜಾಸ್ತಿ ಆದಷ್ಟೂ, ಜಾಗ ಎತ್ತರ ಆದಷ್ಟೂ ಗಾಳಿ ತೆಳುವಾಗುತ್ತದೆ, ಹೊರೆ ಇಳಿಸಬೇಕಾಗುತ್ತದೆ. ಹೆಲಿಕಾಪ್ಟರ್‌ಗಂತೂ ಇದು ಇನ್ನೂ ಬಿಗಿ. ಎಂಐ-17 ನಾಲ್ಕು ಟನ್ ಹೊರುತ್ತದೆ ಅಂತ ಬೆಟ್ಟದ ಮೇಲಿನ ಹಳ್ಳಿಗೂ ಅದೇ ಲೆಕ್ಕ ಹಾಕಬೇಡಿ. ಟೆಂಟ್, ಕಂಬಳಿಯಂಥವು ತೂಕ ಮುಟ್ಟುವ ಮೊದಲೇ ಜಾಗ ತುಂಬಿಬಿಡುತ್ತವೆ. 20 ಅಡಿ ಕಂಟೈನರ್ ಒಳಗೆ ಸಿಗುವುದು ಸುಮಾರು 33 ಘನ ಮೀಟರ್, ಅಷ್ಟೇ. ತೂಕ, ಗಾತ್ರ ಎರಡರದೂ ಲೆಕ್ಕ ಹಾಕಿ, ಯಾವುದು ಮೊದಲು ತುಂಬುತ್ತದೋ ಅದನ್ನೇ ಹಿಡಿಯಿರಿ.

ಲಾರಿ ಲೆಕ್ಕ: ಇಲ್ಲೇ ಎಲ್ಲರೂ ಎಡವುವುದು

ಮತ್ತೆ ನಮ್ಮ ಕ್ಯಾಂಪಿಗೆ ಬರೋಣ. ದಿನಕ್ಕೆ 5,000 ಲೀಟರ್ ಡೀಸೆಲ್ ಬೇಕು. ನಿಮ್ಮ ಹತ್ತಿರ ತಲಾ 10,000 ಲೀಟರ್‌ನ ಆರು ಟ್ಯಾಂಕರ್ ಇವೆ. ಒಂದು ಸುತ್ತಿಗೆ 60,000 ಲೀಟರ್, ಅಂದರೆ 12 ದಿನದ ಡೀಸೆಲ್. ಸಾಕು ಅನ್ನಿಸುತ್ತದೆ.

ಈಗ ಸುತ್ತಿಗೆ ಎಷ್ಟು ದಿನ ಅಂತ ನೋಡಿ. 400 ಕಿಲೋಮೀಟರ್ ಕೆಟ್ಟ ರಸ್ತೆ. ರಾತ್ರಿ ಓಡಾಟ ಇಲ್ಲ, ಬೆಂಗಾವಲು ಇದೆ, ಮುಂದೆ ನೆಲಬಾಂಬ್ ಹುಡುಕುವವರು ನಡೆಯುತ್ತಾರೆ. ದಿನಕ್ಕೆ 80 ಕಿಲೋಮೀಟರ್ ಆದರೆ ಪುಣ್ಯ. ಹೋಗಲು ಐದು ದಿನ, ಬರಲು ಐದು ದಿನ, ತುಂಬಲು ಒಂದು, ಇಳಿಸಲು ಒಂದು, ಬಂದ ಮೇಲೆ ಗಾಡಿ ನೋಡಿಕೊಳ್ಳಲು, ಚಾಲಕರು ಮಲಗಿ ಏಳಲು ಎರಡು. ಒಟ್ಟು 14 ದಿನ. 14 ದಿನಕ್ಕೊಮ್ಮೆ 12 ದಿನದ ಡೀಸೆಲ್ ಬರುತ್ತಿದೆ. ಯಾವ ಅವಘಡವೂ ಇಲ್ಲದೆಯೇ ನೀವು ಪ್ರತಿ ಸುತ್ತಿಗೂ ಎರಡು ದಿನ ಹಿಂದೆ ಬೀಳುತ್ತಿದ್ದೀರಿ.

ಅಷ್ಟೇ ಅಲ್ಲ. ಬೆಂಗಾವಲು, ರಿಕವರಿ ಗಾಡಿ, ಆಂಬುಲೆನ್ಸ್ ಸೇರಿ ಕಾನ್ವಾಯ್‌ನಲ್ಲಿ 16 ವಾಹನ ಅಂದುಕೊಳ್ಳಿ. ಸರಾಸರಿ ಲೀಟರಿಗೆ 2 ಕಿಲೋಮೀಟರ್ ಅಂದರೆ ಹೋಗುವಾಗ ಒಂದೊಂದು ಗಾಡಿ 200 ಲೀಟರ್ ಕುಡಿಯುತ್ತದೆ, ಬರುವಾಗ ಇನ್ನೊಂದು 200. ಹೋಗುವ ಡೀಸೆಲ್ ಡಿಪೋದಲ್ಲಿ ತುಂಬಿಸಿಕೊಂಡರೂ ವಾಪಸ್ ಬರಲು ಕ್ಯಾಂಪಿನಿಂದಲೇ 3,200 ಲೀಟರ್ ಹೋಗುತ್ತದೆ. ಉಳಿದದ್ದು 56,800. ಹನ್ನೆರಡು ದಿನ ಹೋಗಿ ಹನ್ನೊಂದು ಚಿಲ್ಲರೆ ಆಯಿತು. ಎಲ್ಲ ಕಾಲಕ್ಕೂ ಎಲ್ಲ ಆರು ಟ್ಯಾಂಕರ್ ಓಡುತ್ತವೆ ಅನ್ನುವುದು ಕಾಗದದ ಮೇಲಿನ ಮಾತು. ಒಂದಾದರೂ ಶೆಡ್ಡಿನಲ್ಲಿ ಇದ್ದೇ ಇರುತ್ತದೆ.

ಅಂದರೆ ನಿಮಗೆ ಬೇಕಾದದ್ದು ಎಂಟು ಟ್ಯಾಂಕರ್ ಓಡುವ ಸ್ಥಿತಿಯಲ್ಲಿ, ಜೊತೆಗೆ ಒಂದೆರಡು ಹೆಚ್ಚಿಗೆ. ಅಥವಾ ನಡುವೆ 200 ಕಿಲೋಮೀಟರ್‌ನಲ್ಲಿ ಒಂದು ಸಣ್ಣ ಡಿಪೋ. ಅಥವಾ ಡೀಸೆಲ್ ಬಳಕೆಯನ್ನೇ ಇಳಿಸುವುದು. ಸೋಲಾರ್ ಫಲಕ, ಟೆಂಟ್‌ಗೆ ಉಷ್ಣ ನಿರೋಧಕ ಹೊದಿಕೆ, ಅರ್ಧ ಖಾಲಿ ಓಡುವ ಎರಡು ಜನರೇಟರ್ ಬದಲು ತುಂಬಿ ಓಡುವ ಒಂದು. ನನ್ನ ಪ್ರಕಾರ ಮೂರನೆಯದನ್ನೇ ಮೊದಲು ಮಾಡಬೇಕು. ಉಳಿಸಿದ ಒಂದು ಲೀಟರ್‌ಗೆ ಬೆಂಗಾವಲೂ ಬೇಡ, ರಸ್ತೆಯೂ ಬೇಡ, ಅದಕ್ಕಾಗಿ ಯಾರೂ ಬಾಂಬ್ ಮೇಲೆ ಗಾಡಿ ಹತ್ತಿಸಬೇಕಾಗಿಲ್ಲ. ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಶಾಂತಿಪಾಲಕರ ಸರಬರಾಜು ಕಾನ್ವಾಯ್‌ಗಳು ರಸ್ತೆಬದಿ ಬಾಂಬ್‌ಗೆ ಮತ್ತೆ ಮತ್ತೆ ಸಿಕ್ಕಿವೆ. ಲೀಟರ್ ಲೆಕ್ಕ ಅನ್ನುವುದು ಜೀವದ ಲೆಕ್ಕವೂ ಹೌದು.

ಎಷ್ಟು ದಾಸ್ತಾನು, ಎಲ್ಲಿ?

ಮತ್ತೆ ಆರ್ಡರ್ ಹಾಕುವ ದಿನ ಯಾವುದು? ಸರಳ ಸೂತ್ರ: ಆರ್ಡರ್ ಹಾಕಿದ ಮೇಲೆ ಸಾಮಾನು ಬರಲು ಎಲ್ಲ ಕೆಟ್ಟರೆ ಎಷ್ಟು ದಿನ ಆಗಬಹುದೋ, ಅದನ್ನು ದಿನದ ಬಳಕೆಯಿಂದ ಗುಣಿಸಿ. ಸಾಮಾನ್ಯವಾಗಿ 10 ದಿನ, ಮಳೆಗೆ ಸಿಕ್ಕರೆ 25 ದಿನ ಅಂತಾದರೆ, 25 ಗುಣಿಸು 5,000, ಅಂದರೆ 1,25,000 ಲೀಟರ್. ಸ್ಟಾಕ್ ಅಷ್ಟಕ್ಕೆ ಇಳಿದ ದಿನ ಆರ್ಡರ್ ಹೋಗಲೇಬೇಕು. ಸರಾಸರಿ ದಿನ ಹಿಡಿದು ಲೆಕ್ಕ ಹಾಕುವವರು ಸರಾಸರಿ ದಿನಗಳಲ್ಲಿ ಮಾತ್ರ ಬದುಕುತ್ತಾರೆ.

ಹಾಗಂತ ಎಲ್ಲದಕ್ಕೂ ಇಷ್ಟೊಂದು ಪೇರಿಸಬೇಡಿ. ಕ್ಯಾಂಪಿನಲ್ಲಿ ಜಾಸ್ತಿ ಡೀಸೆಲ್ ಇಟ್ಟಷ್ಟೂ ಅದನ್ನು ಕಾಯುವ ಕೆಲಸ, ಬೆಂಕಿಯ ಭಯ, ಕಳ್ಳತನ ಎಲ್ಲವೂ ಜಾಸ್ತಿ. ನೀರು, ಇಂಧನ, ಔಷಧಿ, ಆಹಾರ ಈ ನಾಲ್ಕಕ್ಕೆ ಕೆಟ್ಟ ದಿನದ ಲೆಕ್ಕ. ಕುರ್ಚಿ, ಕಾಗದ, ಪ್ರಿಂಟರ್ ಶಾಯಿಗೆ ಸರಾಸರಿ ಸಾಕು.

ಮೇಲಿನ ಹಂತದಲ್ಲಿ ದೊಡ್ಡ ಉಗ್ರಾಣ ಬೇರೆ ದೇಶದಲ್ಲೇ ಇರುವುದು ಒಳ್ಳೆಯದು, ಗಲಾಟೆಯ ನೆರಳು ಬೀಳದ ಕಡೆ. ವಿಶ್ವಸಂಸ್ಥೆ ಇಟಲಿಯ ಬ್ರಿಂಡಿಸಿಯಲ್ಲಿ 1994ರಿಂದ ಲಾಜಿಸ್ಟಿಕ್ಸ್ ನೆಲೆ ಇಟ್ಟುಕೊಂಡಿದೆ. ಉಗಾಂಡದ ಎಂಟೆಬೆಯಲ್ಲಿ 2010ರಿಂದ ಪ್ರಾದೇಶಿಕ ಸೇವಾ ಕೇಂದ್ರ ಇದೆ. ವಿಶ್ವ ಆಹಾರ ಕಾರ್ಯಕ್ರಮ ನಡೆಸುವ ಪರಿಹಾರ ಉಗ್ರಾಣಗಳು ಬ್ರಿಂಡಿಸಿ, ದುಬೈ, ಅಕ್ರಾ, ಪನಾಮಾದಂಥ ಕಡೆ ಇವೆ. ಇವುಗಳಲ್ಲಿ ಸಿಗುವುದನ್ನೇ ನೀವು ಮತ್ತೆ ವಿಮಾನದಲ್ಲಿ ಹೊತ್ತು ತರುವುದರಲ್ಲಿ ಅರ್ಥ ಇಲ್ಲ. ಮೊದಲು ಪಟ್ಟಿ ತರಿಸಿ ನೋಡಿ.

ಹಡಗು ನಿಧಾನ, ಅಗ್ಗ. ವಿಮಾನ ಬೇಗ, ದುಬಾರಿ. ಆದ್ದರಿಂದ ಮೊದಲ ದಿನವೇ ಎರಡನ್ನೂ ಹೊರಡಿಸಿ. ಹಡಗು ಮುಟ್ಟುವವರೆಗಿನ ದಿನಗಳನ್ನು ಮಾತ್ರ ವಿಮಾನ ತುಂಬಬೇಕು. "ಮೊದಲು ವಿಮಾನದಲ್ಲಿ ಕಳಿಸೋಣ, ಆಮೇಲೆ ಹಡಗಿನ ಬಗ್ಗೆ ನೋಡೋಣ" ಅಂದವರು ಎರಡು ತಿಂಗಳಾದರೂ ವಿಮಾನದಲ್ಲೇ ಕಳಿಸುತ್ತಾ ಇರುತ್ತಾರೆ.

ಕಾಗದಪತ್ರ

ಬೋರು ಹೊಡೆಸುವ ಭಾಗ, ಆದರೆ ಕಂಟೈನರ್‌ಗಳು ವಾರಗಟ್ಟಲೆ ಕೂರುವುದು ಇಲ್ಲೇ. ಶಾಂತಿಪಾಲನೆಯಲ್ಲಿ ಆತಿಥೇಯ ದೇಶದ ಜೊತೆ ಪಡೆಗಳ ಸ್ಥಾನಮಾನದ ಒಪ್ಪಂದ ಇರುತ್ತದೆ. ಸುಂಕ ವಿನಾಯಿತಿ, ಓಡಾಟದ ಸ್ವಾತಂತ್ರ್ಯ ಎಲ್ಲ ಅದರಲ್ಲಿ ಬರುತ್ತದೆ. ಸಹಿ ಆಗುವುದು ತಡವಾದರೆ 1990ರ ಮಾದರಿ ಒಪ್ಪಂದ ಅಲ್ಲಿಯವರೆಗೆ ಜಾರಿಯಲ್ಲಿರುತ್ತದೆ ಅಂತ ಭದ್ರತಾ ಮಂಡಳಿಯ ನಿರ್ಣಯಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ಆ ಸಾಲಿನ ಒಂದು ನಕಲನ್ನು ಪ್ರತಿ ಕಾನ್ವಾಯ್ ಕಮಾಂಡರ್ ಜೇಬಿನಲ್ಲಿ ಇಡಿ, ಸ್ಥಳೀಯ ಭಾಷೆಯ ಅನುವಾದದ ಸಮೇತ.

ಆದರೆ ಆತಿಥೇಯ ದೇಶ ಒಂದೇ ಅಲ್ಲವಲ್ಲ. ಸಮುದ್ರ ಇಲ್ಲದ ದೇಶಕ್ಕೆ ಸಾಮಾನು ಪಕ್ಕದ ದೇಶದ ಬಂದರಿನಲ್ಲಿ ಇಳಿಯುತ್ತದೆ. ಜೂಬಾಗೆ ಹೋಗುವ ಸರಕು ಕೆನ್ಯಾದ ಮೊಂಬಾಸಾದಲ್ಲಿ ಇಳಿದು, ಉಗಾಂಡ ದಾಟಿ, ನಿಮುಲೆ ಗಡಿಯಲ್ಲಿ ಒಳಬರುತ್ತದೆ. ಮಧ್ಯ ಆಫ್ರಿಕಾ ಗಣರಾಜ್ಯದ ಬಾಂಗಿಗೆ ಕ್ಯಾಮರೂನಿನ ಡೌಆಲಾ ಬಂದರು. ಇಂಥ ದಾರಿ ದೇಶಗಳ ಅನುಮತಿ ಬೇರೆಯೇ ಬೇಕು, ಮದ್ದುಗುಂಡಿಗೆ ಇನ್ನೂ ಬೇರೆ. ಮೇಲೆ ಹಾರಲು ಒಂದು ಅನುಮತಿ, ಇಳಿಯಲು ಒಂದು, ಅಪಾಯಕಾರಿ ಸರಕಿಗೆ ಇನ್ನೊಂದು. ಲಿಥಿಯಂ ಬ್ಯಾಟರಿ, ಕ್ಲೋರಿನ್, ಅಡುಗೆ ಗ್ಯಾಸ್ ಎಲ್ಲವೂ ವಿಮಾನದವರ ಕಣ್ಣಿಗೆ ಅಪಾಯಕಾರಿ ಸರಕೇ.

ಒಂದು ಹಾಳೆ ಮಾಡಿ. ಎಡಗಡೆ ಪ್ರತಿ ಗಡಿ, ಬಲಗಡೆ ಬೇಕಾದ ಕಾಗದ, ಅದನ್ನು ಕೊಡುವ ಅಧಿಕಾರಿಯ ಹುದ್ದೆ, ತಗಲುವ ದಿನ. ಈ ಕೆಲಸಕ್ಕೆ ಅಂತಲೇ ಒಬ್ಬರನ್ನು ಬಂದರಿನಲ್ಲಿ ಕೂರಿಸಿ. ಅಲ್ಲಿನ ಭಾಷೆ ಬಲ್ಲವರು, ತಾಳ್ಮೆ ಇರುವವರು. ರ್‍ಯಾಂಕ್ ಮುಖ್ಯ ಅಲ್ಲ.

ಪೆಟ್ಟಿಗೆ ಮೇಲೆ ಏನು ಬರೆದಿದೆ

1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೇನೆ ಸುಮಾರು 40,000 ಕಂಟೈನರ್ ಕಳಿಸಿತು. ಒಳಗೇನಿದೆ ಅಂತ ಗೊತ್ತಾಗದೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮರುಭೂಮಿಯಲ್ಲೇ ತೆರೆದು ನೋಡಬೇಕಾಯಿತು. ಆರ್ಡರ್ ಹಾಕಿದ್ದು ಬಂದಿದೆಯೋ ಇಲ್ಲವೋ ಗೊತ್ತಾಗದೆ ಘಟಕಗಳು ಅದನ್ನೇ ಮತ್ತೆ ಮತ್ತೆ ಆರ್ಡರ್ ಹಾಕಿದವು, ಅದರಿಂದ ರಾಶಿ ಇನ್ನೂ ಬೆಳೆಯಿತು. ಇವತ್ತು ಬಾರ್‌ಕೋಡ್, ಟ್ರ್ಯಾಕರ್ ಎಲ್ಲ ಇದೆ, ಸರಿ. ಆದರೆ ನೆಟ್‌ವರ್ಕ್ ಇಲ್ಲದ ಕಡೆ, ಚಾರ್ಜ್ ಮುಗಿದ ಸ್ಕ್ಯಾನರ್ ಹಿಡಿದವನಿಗೆ ಬೇಕಾಗುವುದು ಬಾಗಿಲಿಗೆ ಅಂಟಿಸಿದ, ಪ್ಲಾಸ್ಟಿಕ್ ಹೊದಿಸಿದ ಒಂದು ಪಟ್ಟಿ. ಒಳಗಿನ ಗೋಡೆಗೂ ಅದೇ ಪಟ್ಟಿ ಅಂಟಿಸಿ. ದೂರದಿಂದಲೇ ಗುರುತು ಸಿಗುವಂತೆ ಬಣ್ಣದ ಪಟ್ಟೆ ಬಳಿಯಿರಿ.

ತುಂಬುವ ಕ್ರಮವೂ ಮುಖ್ಯ. ಮೊದಲು ಬೇಕಾಗುವುದು ಬಾಗಿಲ ಹತ್ತಿರ. ಕಂಟೈನರ್ ಒಂದರಲ್ಲಿ ಎಲ್ಲ ಟೆಂಟ್, ಇನ್ನೊಂದರಲ್ಲಿ ಎಲ್ಲ ಗೂಟ ಹಾಕಿದರೆ, ಗೂಟದ ಕಂಟೈನರ್ ತಡವಾದ ದಿನ 850 ಜನ ಆಕಾಶ ನೋಡುತ್ತಾ ಮಲಗಬೇಕು. ಪ್ರತಿ ಕಂಟೈನರ್‌ನಲ್ಲೂ ಪೂರ್ತಿ ಸೆಟ್ ಇರಲಿ.

ಬೇಡದ ದಾನದ ಬಗ್ಗೆ ಒಂದು ಮಾತು. 2004ರ ಸುನಾಮಿಯ ನಂತರ ಹಳೆ ಬಟ್ಟೆಯ ಗುಡ್ಡೆಗಳು ರಸ್ತೆಬದಿ ಕೊಳೆತವು. ನಿಮ್ಮ ವಿಮಾನದಲ್ಲಿ "ಹೇಗೂ ಜಾಗ ಇದೆಯಲ್ಲ" ಅಂತ ಇಂಥದ್ದನ್ನು ಏರಿಸಲು ಒತ್ತಡ ಬರುತ್ತದೆ. ಬೇಡ ಅನ್ನಿ. ಇಳಿಸುವ ಕೈಗಳು ಕಡಿಮೆ ಇರುವ ಕಡೆ ಒಂದೊಂದು ಬೇಡದ ಪೆಟ್ಟಿಗೆಯೂ ಬೇಕಾದ ಒಂದು ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳುತ್ತದೆ.

ಬಿಡಿಭಾಗ, ಔಷಧಿ

ವಾಹನಗಳ ಮಾದರಿ ಕಡಿಮೆ ಇದ್ದಷ್ಟೂ ಒಳ್ಳೆಯದು. ನಾಲ್ಕು ಕಂಪನಿಯ ನಾಲ್ಕು ಥರದ ಜೀಪು ತಂದರೆ ನಾಲ್ಕು ಥರದ ಫಿಲ್ಟರ್, ಬೆಲ್ಟ್, ಬ್ರೇಕ್ ಪ್ಯಾಡ್ ಇಡಬೇಕು. ವಿಶ್ವಸಂಸ್ಥೆಯ ತಪಾಸಣೆಯಲ್ಲಿ ಗಾಡಿ ಓಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅದರ ಹಣಕ್ಕೂ ಕತ್ತರಿ. ಧೂಳಿನ ಜಾಗದಲ್ಲಿ ಏರ್ ಫಿಲ್ಟರ್, ಟೈರ್ ಪುಸ್ತಕದ ಲೆಕ್ಕಕ್ಕಿಂತ ಬಹಳ ಬೇಗ ಖಾಲಿಯಾಗುತ್ತವೆ ಅನ್ನುವುದು ನೆನಪಿರಲಿ.

ಲಸಿಕೆಗಳಲ್ಲಿ ಹೆಚ್ಚಿನವು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಈ ಸರಪಳಿ ವಿಮಾನ ಇಳಿದ ಮೇಲೆ ಟಾರ್ಮ್ಯಾಕ್ ಮೇಲೆ ಬಿಸಿಲಲ್ಲಿ ಕಾಯುವ ಹೊತ್ತಿನಲ್ಲಿ ತುಂಡಾಗುತ್ತದೆ, ಫ್ರಿಜ್ಜಿನಲ್ಲಲ್ಲ. ಆ ಹೊತ್ತಿಗೆ ನೆರಳು ಮತ್ತು ಒಬ್ಬ ಹೊಣೆಗಾರ ಬೇಕು. ಗಾಯಾಳುಗಳ ವಿಷಯದಲ್ಲಿ ವಿಶ್ವಸಂಸ್ಥೆ 10-1-2 ಅನ್ನುವ ಗುರಿ ಇಟ್ಟುಕೊಂಡಿದೆ. ಹತ್ತು ನಿಮಿಷದಲ್ಲಿ ಪ್ರಥಮ ಚಿಕಿತ್ಸೆ, ಒಂದು ಗಂಟೆಯಲ್ಲಿ ಹೆಚ್ಚಿನ ತುರ್ತು ಆರೈಕೆ, ಎರಡು ಗಂಟೆಯಲ್ಲಿ ಶಸ್ತ್ರಚಿಕಿತ್ಸೆ. ನಿಮ್ಮ ಕ್ಯಾಂಪ್ ಎಲ್ಲಿರಬಹುದು, ಹೆಲಿಕಾಪ್ಟರ್‌ಗೆ ಇಂಧನ ಎಲ್ಲಿಡಬೇಕು ಅನ್ನುವುದನ್ನು ಈ ಎರಡು ಗಂಟೆ ತೀರ್ಮಾನಿಸುತ್ತದೆ.

ಒಳಗೆ ಬಂದದ್ದು ಹೊರಗೆ ಹೋಗಬೇಕು

ಪ್ಲಾನ್‌ಗಳಲ್ಲಿ ಎಲ್ಲಕ್ಕಿಂತ ತೆಳುವಾದ ಪುಟ ಕೊಳಚೆಯದ್ದು. ದಿನಕ್ಕೆ 68,000 ಲೀಟರ್ ನೀರು ಬಂತು ಅಂದರೆ ಅದರ ಬಹುಪಾಲು ಕೊಳಚೆಯಾಗಿ ಎಲ್ಲಿಗೋ ಹೋಗಲೇಬೇಕು. 2010ರ ಅಕ್ಟೋಬರ್‌ನಲ್ಲಿ ಹೈಟಿಯಲ್ಲಿ ಕಾಲರಾ ಶುರುವಾಯಿತು. ಮಿರ್ಬಾಲೆ ಹತ್ತಿರದ ಶಾಂತಿಪಾಲಕರ ಕ್ಯಾಂಪಿನ ಮಲಿನ ನೀರು ಆರ್ಟಿಬೊನಿಟ್ ನದಿಗೆ ಸೇರುವ ಹೊಳೆಗೆ ಹರಿದದ್ದೇ ಮೂಲ ಅಂತ ವಿಜ್ಞಾನಿಗಳ ತನಿಖೆಗಳು ತೋರಿಸಿದವು. ಸಾವಿರಾರು ಜನ ಸತ್ತರು. ಆ ಸೋಂಕಿನಲ್ಲಿ ತನ್ನ ಪಾತ್ರ ಇತ್ತು ಅಂತ ವಿಶ್ವಸಂಸ್ಥೆ ಒಪ್ಪಿಕೊಂಡದ್ದು 2016ರಲ್ಲಿ. ನೆರವಿಗೆ ಹೋದವರ ಶೌಚಗುಂಡಿ ಒಂದು ದೇಶಕ್ಕೆ ಇಷ್ಟು ದೊಡ್ಡ ಪೆಟ್ಟು ಕೊಟ್ಟಿತು.

ಹಾಗಾಗಿ ಕೊಳಚೆ ಶುದ್ಧೀಕರಣ ಘಟಕ ಮೊದಲ ಹಡಗಿನ ಪಟ್ಟಿಯಲ್ಲಿ ಇರಬೇಕು, ಮೂರನೆಯದರಲ್ಲಿ ಅಲ್ಲ. ಅದು ಬರುವವರೆಗೆ ಗುಂಡಿ ಎಲ್ಲಿ, ಹೊಳೆಯಿಂದ ಎಷ್ಟು ದೂರ, ಮಳೆ ಬಂದರೆ ಉಕ್ಕುತ್ತಾ ಅಂತ ಎಂಜಿನಿಯರ್ ಸಹಿ ಹಾಕಬೇಕು. ಗುತ್ತಿಗೆದಾರ ಟ್ಯಾಂಕರ್‌ನಲ್ಲಿ ತುಂಬಿಕೊಂಡು ಹೋದರೆ ಎಲ್ಲಿ ಸುರಿಯುತ್ತಾನೆ ಅಂತ ಹಿಂದೆ ಹೋಗಿ ನೋಡಿ, ಸುಮ್ನೆ ರಸೀದಿ ಇಟ್ಟುಕೊಂಡರೆ ಸಾಲದು. ಬ್ಯಾಟರಿ, ಹಳೆ ಎಣ್ಣೆ, ಸೂಜಿಗಳಿಗೂ ಇದೇ ಮಾತು. ಖಾಲಿ ವಾಪಸ್ ಹೋಗುವ ಲಾರಿಗಳನ್ನು ಇದಕ್ಕೆ ಬಳಸಬಹುದು.

ಸ್ಥಳೀಯರ ಮಾರುಕಟ್ಟೆ, ಬೇರೆ ಸಂಸ್ಥೆಗಳು

ಅಲ್ಲೇ ಕೊಂಡರೆ ದಾರಿ ಉಳಿಯುತ್ತದೆ, ಊರಿಗೆ ದುಡ್ಡು ಬರುತ್ತದೆ. ಆದರೆ ಅಭಾವ ಇರುವ ಕಡೆ 850 ಜನರ ತರಕಾರಿ ಕೊಳ್ಳಲು ನಿಂತರೆ ಊರಿನವರ ಬಾಯಿಗೆ ಎಟುಕದ ಬೆಲೆ ಆಗುತ್ತದೆ. ಕೂಲಿ, ಜಲ್ಲಿ, ಮರಳು, ಹೊರುವ ಕೆಲಸ ಸ್ಥಳೀಯವಾಗಿ ಕೊಳ್ಳಿ. ಧಾನ್ಯ, ಡೀಸೆಲ್, ಔಷಧಿ ಹೊರಗಿನಿಂದ ತನ್ನಿ. ಬೆಲೆ ಪ್ರತಿ ವಾರ ಬರೆದಿಡಿ, ಏರತೊಡಗಿದರೆ ಕೊಳ್ಳುವುದು ನಿಲ್ಲಿಸಿ.

ನಾಗರಿಕ ಸಂಸ್ಥೆಗಳು 2005ರಿಂದ ಲಾಜಿಸ್ಟಿಕ್ಸ್ ಕ್ಲಸ್ಟರ್ ಅಂತ ಒಂದೇ ಮೇಜಿನ ಸುತ್ತ ಕೂರುತ್ತವೆ. ಅದನ್ನು ನಡೆಸುವುದು ವಿಶ್ವ ಆಹಾರ ಕಾರ್ಯಕ್ರಮ. ಆ ಸಭೆಗೆ ಒಬ್ಬರನ್ನು ಕಳಿಸಿ, ರಸ್ತೆ, ಸೇತುವೆ, ಗೋಡೌನ್ ಮಾಹಿತಿ ಹಂಚಿಕೊಳ್ಳಿ. ಕೆಲವು ಸಂಸ್ಥೆಗಳು ನಿಮ್ಮ ಲಾರಿ, ನಿಮ್ಮ ಬೆಂಗಾವಲು ಬೇಡ ಅನ್ನುತ್ತವೆ. ಬೇಸರ ಮಾಡಿಕೊಳ್ಳಬೇಡಿ. ಬಂದೂಕಿನ ಜೊತೆ ಕಾಣಿಸಿಕೊಂಡರೆ ನಾಳೆ ಇನ್ನೊಂದು ಬಣದ ಹಳ್ಳಿಗೆ ಅವರು ಹೋಗುವಂತಿಲ್ಲ. ಅವರ ಲೆಕ್ಕ ಅವರಿಗೆ ಸರಿ.

ವಾಪಸ್ ಬರುವ ಪ್ಲಾನ್, ಹೋಗುವ ಮೊದಲೇ

ಮಾಲಿಯ ಶಾಂತಿಪಾಲನಾ ಕಾರ್ಯಾಚರಣೆ 2013ರಲ್ಲಿ ಶುರುವಾಗಿ ಹತ್ತು ವರ್ಷ ನಡೆಯಿತು. ಅಲ್ಲಿನ ಸರ್ಕಾರ ಹೊರಡಿ ಅಂದಿತು. 2023ರ ಜೂನ್ 30ರಂದು ಭದ್ರತಾ ಮಂಡಳಿ ಕಾರ್ಯಾಚರಣೆ ಮುಗಿಸಿತು, ಹೊರಬರಲು ಡಿಸೆಂಬರ್ 31ರ ಗಡುವು. ಹತ್ತು ವರ್ಷದಲ್ಲಿ ಸೇರಿಸಿದ್ದನ್ನು ಆರು ತಿಂಗಳಲ್ಲಿ ಎತ್ತಬೇಕು. ಉತ್ತರದ ಠಾಣೆಗಳಿಂದ ಸಾಮಾನು ತರಲು ಬೇಕಾದ ಕಾನ್ವಾಯ್‌ಗಳಿಗೆ ಅನುಮತಿ ಸಿಗಲಿಲ್ಲ. ಹೊತ್ತು ತರಲಾಗದ ವಾಹನ, ಜನರೇಟರ್, ಮದ್ದುಗುಂಡನ್ನು ಅಲ್ಲೇ ನಾಶ ಮಾಡಬೇಕಾಯಿತು. ಅಕ್ಟೋಬರ್ ಕೊನೆಗೆ ಕಿಡಾಲ್ ಬಿಟ್ಟ ತಂಡ ಗಾವೋ ಮುಟ್ಟುವ ದಾರಿಯಲ್ಲಿ ಬಾಂಬ್ ದಾಳಿಗೆ ಸಿಕ್ಕಿ ಹಲವರು ಗಾಯಗೊಂಡರು.

ಆದ್ದರಿಂದ ಪ್ರತಿ ವಸ್ತುವಿನ ಪಟ್ಟಿಯಲ್ಲಿ ಮೊದಲ ದಿನವೇ ಒಂದು ಕಾಲಂ ಇರಲಿ: ವಾಪಸ್ ತರುವುದು, ಅಲ್ಲಿನವರಿಗೆ ಕೊಡುವುದು, ಮಾರುವುದು, ನಾಶ ಮಾಡುವುದು. ವರ್ಷಕ್ಕೊಮ್ಮೆ ಅದನ್ನು ತಿದ್ದಿ, ಬೇಡವಾದದ್ದನ್ನು ಶಾಂತಿಯ ಕಾಲದಲ್ಲೇ ಖಾಲಿ ವಾಪಸ್ ಬರುವ ಲಾರಿಗಳಲ್ಲಿ ಹೊರಗೆ ಸಾಗಿಸಿ. 90 ದಿನದಲ್ಲಿ ಹೊರಡಬೇಕು ಅಂದರೆ ಎಷ್ಟು ಲಾರಿ, ಎಷ್ಟು ವಿಮಾನ ಬೇಕು ಅಂತ ಮೇಜಿನ ಮೇಲೆ ಒಂದು ಸಲ ಆಡಿ ನೋಡಿ. ವಿಮಾನಕ್ಕೆ ಅನುಮತಿ ಇಲ್ಲ ಅಂತ ಇನ್ನೊಂದು ಸಲ. ಮುಖ್ಯ ಸೇತುವೆ ಮುರಿದಿದೆ ಅಂತ ಮತ್ತೊಂದು ಸಲ. ಹೊರಡುವ ವಾರದಲ್ಲಿ ಕೊನೆಯ ಕಾನ್ವಾಯ್‌ನ ಡೀಸೆಲ್, ಟೈರ್, ರಿಕವರಿ ಗಾಡಿ ಮತ್ತು ಆಂಬುಲೆನ್ಸ್ ಇವಿಷ್ಟನ್ನು ಮೊದಲೇ ಬೇರೆ ಎತ್ತಿಟ್ಟು, ಪ್ಯಾಕಿಂಗ್ ತಂಡದ ಕೈಗೆ ಸಿಗದ ಹಾಗೆ ಬೀಗ ಹಾಕಿ.